ಕಿಂಗ್ಸ್ ಮೌಂಟನ್ ಹಾಫ್ ಡೇ ಟೂರ್: ಗೈಡ್‌ಗೆ ಮೂರು ಸ್ಟಾರ್, ಗುಡ್ಡಕ್ಕೆ ಐದು

ನಾರ್ತ್ ಕ್ಯಾರೊಲೈನಾದ ಶಾರ್ಲೆಟ್‌ಗೆ ಬಂದು ಇಷ್ಟು ವರ್ಷ ಆದ್ರೂ ಕಿಂಗ್ಸ್ ಮೌಂಟನ್ ಕಡೆ ತಲೆ ಹಾಕಿರ್ಲಿಲ್ಲ ನಾವು, 1780ರಲ್ಲಿ ಅಮೆರಿಕದ ಸ್ವಾತಂತ್ರ್ಯ ಯುದ್ಧದ ಒಂದು ಕಾಳಗ ನಡೆದ ಗುಡ್ಡ ಅದು. ಐ-85 ಹೈವೇ ಹಿಡ್ಕೊಂಡು ಹೋಗುವಾಗೆಲ್ಲ ಬೋರ್ಡ್ ಕಾಣೋದು, ವಾಪಸ್ ಬರ್ತಾ ನೋಡೋಣ ಅನ್ನೋದು, ವಾಪಸ್ ಬರ್ತಾ ಎಲ್ರಿಗೂ ನಿದ್ದೆ. ಈ ಸಲ ಸೆಪ್ಟೆಂಬರ್ ಕೊನೇಲಿ ಷಡ್ಡಕನ ಸಂಸಾರ ಬಂದಿತ್ತು, ಎರಡು ಕಾರಲ್ಲಿ ಹೋಗೋದ್ಯಾಕೆ ಅಂತ ಒಂದು ಟೂರ್ ಬುಕ್ ಮಾಡಿದ್ವಿ, ತಲೆಗೆ 45 ಡಾಲರ್. ಟೂರ್ ಹೆಸರು ಇಲ್ಲಿ ಹಾಕ್ತಿಲ್ಲ, ಒಬ್ಬನೇ ಮನುಷ್ಯ ಒಂದು ವ್ಯಾನ್ ಇಟ್ಕೊಂಡು ನಡೆಸ್ತಿರೋದು, ಹೊಟ್ಟೆ ಮೇಲೆ ಹೊಡೆಯೋದು ಬೇಡ.

ವ್ಯಾನ್ ಬಂದಿದ್ದು 25 ನಿಮಿಷ ಲೇಟು. ಎಸಿ ಕೆಟ್ಟಿತ್ತು. ಸೆಪ್ಟೆಂಬರ್ ಅಂದ್ರೂ ಕ್ಯಾರೊಲೈನಾ ಬಿಸಿಲು ಗೊತ್ತಲ್ಲ, ಸೌತ್ ಕ್ಯಾರೊಲೈನಾ ಗಡಿ ದಾಟೋಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟ್ಕೊಂಡಿತ್ತು.

ಗೈಡ್‌ದು ಒಳ್ಳೆ ಗಂಟಲು, ದಾರಿಯುದ್ದಕ್ಕೂ ಬ್ರಿಟಿಷರು ಹಂಗ್ ಬಂದ್ರು ನಮ್ಮವ್ರು ಹಿಂಗ್ ಅಟ್ಟಿಸ್ಕೊಂಡು ಹೋದ್ರು ಅಂತ ಒಂದೇ ಸಮ ಹೇಳ್ತಿದ್ದ. ಒಂದು ಕಡೆ ಕೆಂಪು ಕೋಟು, ಇನ್ನೊಂದು ಕಡೆ ಸ್ವಾತಂತ್ರ್ಯದ ವೀರರು, ಮಕ್ಕಳ ಪಾಠದ ಪುಸ್ತಕದ ಥರ. ನನಗೆ ಆಗ್ಲೇ ಬೋರ್ ಹೊಡೀತಿತ್ತು. ಪಾರ್ಕಿಂಗ್‌ನಲ್ಲಿ ಇಳಿಯೋವಾಗ ಷಡ್ಡಕ ಸುಮ್ನೆ ಇರಲಾರ್ದೆ ಕೇಳ್ದ, ಆ ಗುಡ್ಡದ ಮೇಲೆ ಒಟ್ಟು ಎಷ್ಟು ಜನ ಬ್ರಿಟಿಷರಿದ್ರು ಅಂತ. ಗೈಡ್ ಒಂದು ಸೆಕೆಂಡ್ ಸುಮ್ಮನಾದ, ಆಮೇಲೆ ನಕ್ಕು "ಒಬ್ಬ" ಅಂದ.

ಅಯ್ಯೋ ಪುಣ್ಯಾತ್ಮ, ಇದನ್ನ ಶಾರ್ಲೆಟ್‌ನಲ್ಲೇ ಹೇಳ್ಬಾರ್ದಿತ್ತಾ!

ಆ ಒಬ್ಬ ಅಂದ್ರೆ ಮೇಜರ್ ಪ್ಯಾಟ್ರಿಕ್ ಫರ್ಗ್ಯುಸನ್, ಸ್ಕಾಟ್ಲೆಂಡಿನವನು. ಅವನ ಕೈ ಕೆಳಗಿದ್ದ ಸಾವಿರ ಚಿಲ್ಲರೆ ಜನ ಹೆಚ್ಚು ಕಮ್ಮಿ ಎಲ್ರೂ ಇದೇ ನೆಲದವ್ರು, ನ್ಯೂಯಾರ್ಕ್ ನ್ಯೂಜೆರ್ಸಿ ಕಡೆಯಿಂದ ಬಂದ ಸುಮಾರು ನೂರು ಜನ ಬಿಟ್ರೆ ಮಿಕ್ಕವ್ರು ಕ್ಯಾರೊಲೈನಾದ ರೈತರು. ಗುಡ್ಡ ಹತ್ತಿ ಅವ್ರನ್ನ ಹೊಡೆದವ್ರು ಸುಮಾರು 900 ಜನ, ಅವ್ರೂ ರೈತರೇ, ಬೇಟೆಗಾರರೇ. ಬ್ರಿಟಿಷ್ ರಾಜನ ಕಡೆಯವ್ರು ಟೋರಿಗಳು, ಸ್ವಾತಂತ್ರ್ಯದ ಕಡೆಯವ್ರು ವಿಗ್‌ಗಳು. ಎರಡೂ ಕಡೆ ಬಹುತೇಕರಿಗೆ ಯೂನಿಫಾರ್ಮೇ ಇಲ್ಲ, ಭಾಷೆ ಒಂದೇ, ಬಟ್ಟೆ ಒಂದೇ, ಹಾಗಾಗಿ ಗುರುತಿಗೆ ಟೋರಿಗಳು ಟೋಪಿಗೆ ಪೈನ್ ಮರದ ಕಡ್ಡಿ ಸಿಕ್ಕಿಸ್ಕೊಂಡ್ರಂತೆ, ವಿಗ್‌ಗಳು ಒಂದು ಚೂರು ಬಿಳಿ ಕಾಗದ. ಆ ಕಾಗದ ಗಾಳಿಗೆ ಹಾರಿ ಹೋದ್ರೆ ಏನ್ ಕಥೆ ಅಂತ ನನ್ನ ಮಗಳು ಕೇಳಿದ್ಲು, ಗೈಡ್ ಹತ್ರ ಉತ್ತರ ಇರ್ಲಿಲ್ಲ.

ಇಲ್ಲಿಂದ ಆಚೆಗೆ ಟೂರ್ ನಿಜವಾಗ್ಲೂ ಚೆನ್ನಾಗಿತ್ತು, ಅದನ್ನ ಒಪ್ಕೋಬೇಕು. ಗುಡ್ಡ ಸುತ್ತೋ ದಾರಿ ಒಂದೂವರೆ ಮೈಲಿ, ನಡೀತಾ ನಡೀತಾ ಅವನು ಅಕ್ಕಪಕ್ಕದವ್ರು ಯಾಕೆ ಹಿಂಗೆ ಒಡೆದು ಹೋದ್ರು ಅನ್ನೋದನ್ನ ಬಿಡಿಸಿ ಹೇಳ್ದ. 1780ರ ಮೇ 12ಕ್ಕೆ ಸೌತ್ ಕ್ಯಾರೊಲೈನಾದ ಚಾರ್ಲ್ಸ್‌ಟನ್ ಬ್ರಿಟಿಷರ ಕೈಗೆ ಬಿತ್ತು. ಸೋತ ವಿಗ್‌ಗಳಲ್ಲಿ ಸುಮಾರು ಜನ ಇನ್ನು ಆಯುಧ ಹಿಡಿಯಲ್ಲ ಅಂತ ಮಾತು ಕೊಟ್ಟು ಪರೋಲ್ ಮೇಲೆ ಮನೆಗೆ ಹೋಗಿ ಹೊಲ ಉಳ್ತಾ ಕೂತಿದ್ರು, ಅಲ್ಲಿಗೆ ಗಲಾಟೆ ತಣ್ಣಗಾಗ್ತಿತ್ತೇನೋ. ಆದ್ರೆ ಜೂನ್ 3ಕ್ಕೆ ಬ್ರಿಟಿಷ್ ಜನರಲ್ ಕ್ಲಿಂಟನ್ ಒಂದು ಘೋಷಣೆ ಹೊರಡಿಸ್ದ, ಪರೋಲ್ ರದ್ದು, ಎಲ್ರೂ ರಾಜನಿಗೆ ನಿಷ್ಠೆಯ ಪ್ರಮಾಣ ಮಾಡ್ಬೇಕು, ಮಾಡ್ದೇ ಇದ್ರೆ ದಂಗೆಕೋರ ಅಂತ ಲೆಕ್ಕ. ಅಂದ್ರೆ ನಾನು ಯಾರ ತಂಟೆಗೂ ಹೋಗಲ್ಲಪ್ಪ ಅಂತ ಬಾಗಿಲು ಹಾಕ್ಕೊಂಡು ಇದ್ದವನ ಮನೆಗೂ ಬಂದು ನೀನು ಯಾರ ಕಡೆ ಅಂತ ಕೇಳೋ ಪರಿಸ್ಥಿತಿ. ಇದಕ್ಕೆ ಮುಂಚೆ ಮೇ 29ಕ್ಕೆ ವ್ಯಾಕ್ಸ್‌ಹಾಸ್‌ನಲ್ಲಿ ವಿಗ್‌ಗಳ ಕಡೆಯ ಕರ್ನಲ್ ಬ್ಯೂಫರ್ಡ್‌ನ ಸೈನಿಕರನ್ನ ಬ್ರಿಟಿಷರ ಕಡೆಯ ಟಾರ್ಲ್‌ಟನ್‌ನ ಕುದುರೆ ಪಡೆ ಕತ್ತರಿಸಿ ಹಾಕಿತ್ತು, ಶರಣಾಗೋಕೆ ಹೊರಟವ್ರನ್ನೂ ಬಿಡ್ಲಿಲ್ಲ ಅನ್ನೋ ಸುದ್ದಿ ಹಳ್ಳಿ ಹಳ್ಳಿಗೂ ಹಬ್ಬಿತ್ತು. ಟಾರ್ಲ್‌ಟನ್ ಇಂಗ್ಲೆಂಡಿನವನು, ಆದ್ರೆ ಅವನ ಪಡೆಯವ್ರೂ ಬಹುಪಾಲು ಅಮೆರಿಕದವ್ರೇ.

ಆಮೇಲಿಂದು ಸೇಡಿಗೆ ಸೇಡು. ಇವನ ದನ ಅವನು ಹೊಡ್ಕೊಂಡು ಹೋದ, ಅವನ ಕೊಟ್ಟಿಗೆಗೆ ಇವನು ಬೆಂಕಿ ಇಟ್ಟ. ಯಾವುದೋ ಹಳೇ ಬೇಲಿ ಜಗಳ, ಸಾಲದ ಜಗಳ, ಎಲ್ಲಕ್ಕೂ ಈಗ ರಾಜನ ಹೆಸರೋ ಸ್ವಾತಂತ್ರ್ಯದ ಹೆಸರೋ ಸಿಕ್ಕಿದಂಗಾಯ್ತು. ದಾಯಾದಿ ಜಗಳಕ್ಕೆ ಬಾವುಟ ಕಟ್ಟಿದ ಹಾಗೆ.

ಫರ್ಗ್ಯುಸನ್ ಬೆಟ್ಟಸಾಲಿನಾಚೆ ಇದ್ದ ವಿಗ್‌ಗಳಿಗೆ ಹೇಳಿ ಕಳ್ಸಿದ್ನಂತೆ, ಸುಮ್ನಾಗದೇ ಇದ್ರೆ ಬಂದು ನಿಮ್ಮ ನಾಯಕರನ್ನ ನೇಣಿಗೆ ಹಾಕ್ತೀನಿ, ಊರು ಸುಡ್ತೀನಿ ಅಂತ. ಅವನೇ ಹೋಗಿ ಜೇನುಗೂಡಿಗೆ ಕಲ್ಲು ಹೊಡೆದಂಗಾಯ್ತು. ಸೆಪ್ಟೆಂಬರ್ 25ಕ್ಕೆ ಈಗಿನ ಟೆನೆಸಿಯ ಸಿಕಮೋರ್ ಶೋಲ್ಸ್‌ನಲ್ಲಿ ಎಲ್ಲ ಸೇರಿ ಬೆಟ್ಟ ಹತ್ತಿ ಇಳಿದು ಬಂದ್ರು, ಕೊನೇ ರಾತ್ರಿ ಪೂರ್ತಿ ಮಳೇಲಿ ಕುದುರೆ ಮೇಲೆ. ಅಕ್ಟೋಬರ್ 7ರ ಮಧ್ಯಾಹ್ನ ಮೂರು ಗಂಟೆ ಹೊತ್ತಿಗೆ ಶುರುವಾದ ಕಾಳಗ ಸುಮಾರು ಒಂದು ಗಂಟೇಲಿ ಮುಗೀತು. ಎತ್ತರದಲ್ಲಿ ಇರೋನೇ ಗೆಲ್ಬೇಕಲ್ವಾ ಅಂದ್ಕೋತೀವಿ, ಇಲ್ಲಿ ಇಳಿಜಾರು ತುಂಬ ಮರ, ನೆತ್ತಿ ಮಾತ್ರ ಬೋಳು, ಕೆಳಗಿನವ್ರು ಮರದಿಂದ ಮರಕ್ಕೆ ಮರೆಯಾಗ್ತಾ ರೈಫಲ್‌ನಲ್ಲಿ ಗುರಿಯಿಟ್ಟು ಹೊಡೆದ್ರೆ ಮೇಲಿನವ್ರ ಗುಂಡು ತಲೆ ಮೇಲಿಂದ ಹಾರಿ ಹೋಗ್ತಿತ್ತು. ಆ ಇಳಿಜಾರಿನಲ್ಲಿ ನಿಂತು ಮೇಲೆ ನೋಡಿದ್ರೆ ಇದು ತಾನಾಗೇ ಅರ್ಥ ಆಗುತ್ತೆ. ಫರ್ಗ್ಯುಸನ್ ಬೆಳ್ಳಿ ಸೀಟಿ ಊದ್ತಾ ಓಡಾಡ್ತಿದ್ದನಂತೆ, ಕೊನೆಗೆ ಕುದುರೆ ಮೇಲೇ ಗುಂಡು ತಿಂದು ಬಿದ್ದ.

ಲೋಗನ್ ಅನ್ನೋ ಮನೆಯ ನಾಲ್ಕು ಜನ ಅಣ್ಣತಮ್ಮಂದಿರು ಅಲ್ಲಿದ್ರಂತೆ, ಇಬ್ಬರು ಈ ಕಡೆ ಇಬ್ಬರು ಆ ಕಡೆ. ಗೋಫೋರ್ತ್ ಮನೆಯವ್ರದ್ದು ಇನ್ನೂ ಘೋರ, ಒಬ್ಬ ವಿಗ್, ಮೂವರು ಟೋರಿ, ನಾಲ್ಕೂ ಜನ ಅದೇ ದಿನ ಸತ್ರು ಅಂತ ಹೇಳ್ತಾರೆ. ಗೈಡ್ ಇದನ್ನ ಹೇಳುವಾಗ ಆ ದೊಡ್ಡ ಗಂಟಲು ಸಣ್ಣಗಾಗಿತ್ತು. ಅವರಮ್ಮನಿಗೆ ಸುದ್ದಿ ಯಾರು ಮುಟ್ಟಿಸಿದ್ರೋ ಅಂತ ನನ್ನ ಹೆಂಡತಿ ಕನ್ನಡದಲ್ಲಿ ಗೊಣಗಿದ್ಲು. ಟೋರಿಗಳು ಬಿಳಿ ಬಟ್ಟೆ ಎತ್ತಿದ ಮೇಲೂ ವಿಗ್‌ಗಳು ಬ್ಯೂಫರ್ಡ್ ಹೆಸರು ಕೂಗ್ತಾ ಸ್ವಲ್ಪ ಹೊತ್ತು ಹೊಡೀತಾನೇ ಇದ್ರಂತೆ, ನಾಯಕರು ನಡುವೆ ನುಗ್ಗಿ ನಿಲ್ಲಿಸ್ಬೇಕಾಯ್ತು. ಗೆದ್ದವ್ರ ಕಡೆ ಸತ್ತಿದ್ದು 28 ಜನ, ಸೋತವ್ರ ಕಡೆ ಅದರ ಎಷ್ಟೋ ಪಟ್ಟು.

ಫರ್ಗ್ಯುಸನ್ ಸಮಾಧಿ ಅಂದ್ರೆ ಒಂದು ಕಲ್ಲಿನ ಗುಡ್ಡೆ. ಪಕ್ಕದಲ್ಲಿ 1930ರಲ್ಲಿ ಅಮೆರಿಕದ ಜನರೇ ಹಾಕಿಸಿದ ಗೌರವದ ಕಲ್ಲಿದೆ, 150ನೇ ವರ್ಷದ ಸಮಾರಂಭಕ್ಕೆ ಅಧ್ಯಕ್ಷ ಹೂವರ್ ಬಂದಾಗಿನ ಕಾಲದ್ದು. ಹೊರಗಿಂದ ಬಂದು ಬೆದರಿಕೆ ಹಾಕಿದವನಿಗೆ ಕಲ್ಲು ನೆಟ್ಟು ಮರ್ಯಾದೆ, ಪಕ್ಕದ್ಮನೆ ಟೋರಿ ಎಲ್ಲಿ ಮಣ್ಣಾದ ಅಂತ ಕೇಳಿದ್ರೆ ಗೈಡ್ ಸುಮ್ನೆ ಕಾಡಿನ ಕಡೆ ಕೈ ತೋರಿಸ್ದ. ಇದು ನನಗೆ ಸರಿ ಕಾಣ್ಲಿಲ್ಲ.

ಈಗ ನನ್ನ ದೂರು. ಟೂರ್ ವಿವರದಲ್ಲಿ ಬಿಗರ್‌ಸ್ಟಾಫ್ಸ್ ಫಾರ್ಮ್ ಜಾಗಕ್ಕೂ ಕರ್ಕೊಂಡು ಹೋಗ್ತೀವಿ ಅಂತಿತ್ತು. ಅದು ನಾರ್ತ್ ಕ್ಯಾರೊಲೈನಾದ ರುದರ್‌ಫರ್ಡ್ ಕೌಂಟಿಲಿ, ಇಲ್ಲಿಂದ ದೂರ, ಬೆಳಗ್ಗೆ ಲೇಟಾಗಿದ್ದಕ್ಕೆ ಟೈಮ್ ಇಲ್ಲ ಅಂದ್ಬಿಟ್ಟ. ಕಾಳಗ ಎಲ್ಲ ಕಡೆ ನಡೆಯುತ್ತೆ ಕಣ್ರೀ, ನನಗೆ ನೋಡ್ಬೇಕಿದ್ದಿದ್ದು ಆ ಜಾಗ. ಅಕ್ಟೋಬರ್ 14ಕ್ಕೆ ಅಲ್ಲಿ ಗೆದ್ದ ವಿಗ್‌ಗಳು ಸೆರೆ ಸಿಕ್ಕ ಟೋರಿಗಳಿಗೆ ವಿಚಾರಣೆ ಅಂತ ಮಾಡಿ ಮೂವತ್ತಕ್ಕೂ ಹೆಚ್ಚು ಜನಕ್ಕೆ ಗಲ್ಲು ಹೇಳಿ, ರಾತ್ರಿ ಪಂಜಿನ ಬೆಳಕಲ್ಲಿ 9 ಜನರನ್ನ ನೇಣಿಗೆ ಹಾಕಿದ್ರು. ತೀರ್ಪು ಕೊಟ್ಟವ್ರಿಗೂ ಕತ್ತು ಕೊಟ್ಟವ್ರಿಗೂ ಮೊದಲೇ ಮುಖ ಪರಿಚಯ. ಐಸಾಕ್ ಬಾಲ್ಡ್‌ವಿನ್ ಅನ್ನೋ ಒಬ್ಬನ ಸರದಿ ಬಂದಾಗ ಅವನ ಪುಟ್ಟ ತಮ್ಮ ಅಳ್ತಾ ಬಂದು ತಬ್ಬಿಕೊಂಡು, ಯಾರಿಗೂ ಗೊತ್ತಾಗದ ಹಾಗೆ ಚಾಕುವಿನಿಂದ ಹಗ್ಗ ಕೊಯ್ದನಂತೆ, ಅಣ್ಣ ಕತ್ತಲಲ್ಲಿ ಕಾಡಿಗೆ ನುಗ್ಗಿ ಪಾರಾದ. ಈ ಕಥೆನ ನಾವು ಕೇಳಿದ್ದು ಬಿಸಿ ವ್ಯಾನ್‌ನಲ್ಲಿ ಕೂತು, ವಾಪಸ್ ಬರ್ತಾ, ಟ್ರಾಫಿಕ್ ಮಧ್ಯೆ, ಅರ್ಧ ಜನ ನಿದ್ದೇಲಿ. ಅರ್ಧ ದುಡ್ಡು ವಾಪಸ್ ಕೊಡಿ ಅಂತ ಕೇಳಿದ್ದಕ್ಕೆ ಮುಂದಿನ ಸಲ ಡಿಸ್ಕೌಂಟ್ ಕೊಡ್ತೀನಿ ಅಂದ.

ಹೋಗೋರಿಗೆ ನನ್ನ ಮಾತು: ಪಾರ್ಕ್‌ಗೆ ಎಂಟ್ರಿ ಫೀ ಇಲ್ಲ, ಶಾರ್ಲೆಟ್‌ನಿಂದ ಮುಕ್ಕಾಲು ಗಂಟೆ ದಾರಿ, ಸ್ವಂತ ಕಾರಲ್ಲೇ ಹೋಗಿ. ಮೊದಲು ವಿಸಿಟರ್ ಸೆಂಟರ್‌ನಲ್ಲಿ ಫಿಲ್ಮ್ ನೋಡಿ ಆಮೇಲೆ ನಡೀರಿ. ದಾರಿ ಪೇವ್ ಮಾಡಿದ್ದೇ ಆದ್ರೂ ಏರು ಇದೆ, ಮಂಡಿ ನೋವಿದ್ರೆ ಅಲ್ಲಲ್ಲಿ ಕೂತು ಹೋಗಿ, ನೀರು ಮರೀಬೇಡಿ. ಇಷ್ಟಾದ್ರೂ ಮನುಷ್ಯ ಕಥೆ ಚೆನ್ನಾಗಿ ಹೇಳ್ತಾನೆ ಅನ್ನೋದು ನಿಜ, ಆ ಡಿಸ್ಕೌಂಟ್ ಬಳಸೋಣ ಅಂತ ಷಡ್ಡಕನಿಗೆ ಆಸೆ. ಆ ವ್ಯಾನ್‌ಗೆ ಎಸಿ ರಿಪೇರಿ ಆಗಿದ್ರೆ ಯಾರಾದ್ರೂ ತಿಳಿಸಿ.