ಪ್ರೂಫ್ ಸೆಟ್ ಗ್ರೇಡಿಂಗ್: ಬಿಡಿ ನಾಣ್ಯಕ್ಕೆ ಸರಿ, ಸೆಟ್ಟಿಗೆ ಬೇಡ

ನಾಣ್ಯದ ಸ್ಥಿತಿ ನೋಡಿ 70ರವರೆಗೆ ಅಂಕ ಕೊಟ್ಟು, ಪ್ಲಾಸ್ಟಿಕ್ಕಿನಲ್ಲಿ ಸೀಲ್ ಮಾಡಿ ಕಳಿಸುವ ವಿದೇಶದ ನಾಣ್ಯ ಗ್ರೇಡಿಂಗ್ ಸೇವೆ ಬಳಸಲು ಶುರು ಮಾಡಿ ಕೆಲವು ಮಳೆಗಾಲ ಕಳೆದಿವೆ. ಫಾರಂ ತುಂಬುವುದು ಹೇಗೆ, ಯಾವ ದರ್ಜೆಯ ಸೇವೆಗೆ ಎಷ್ಟು ಫೀಸು ಅನ್ನೋದೆಲ್ಲ ನಿಮಗೆ ಗೊತ್ತೇ ಇರುತ್ತದೆ. ಅದನ್ನು ಮತ್ತೆ ಬರೆಯುವುದಿಲ್ಲ. ನಾನು ಬರೆಯುತ್ತಿರುವುದು ಮುಖ್ಯವಾಗಿ ಒಂದು ಬೇಸರದ ಬಗ್ಗೆ. ಈ ಸೇವೆಗೆ ನಾಣ್ಯ ಕಾಣುತ್ತದೆ, ಸೆಟ್ ಕಾಣುವುದಿಲ್ಲ.

ರಿಸರ್ವ್ ಬ್ಯಾಂಕಿಗೆ 75 ವರ್ಷ ತುಂಬಿದಾಗ, 2010ರಲ್ಲಿ, ಐದು ನಾಣ್ಯಗಳ ಪ್ರೂಫ್ ಸೆಟ್ ಬಂತು. ಪ್ರೂಫ್ ಅಂದರೆ ಚಲಾವಣೆಗಲ್ಲದೆ ಸಂಗ್ರಹಕಾರರಿಗೆಂದೇ ಕನ್ನಡಿಯಂತೆ ಹೊಳೆಯುವ ಹಾಗೆ ಅಚ್ಚು ಹಾಕಿದ ನಾಣ್ಯ. 75, 10, 5, 2, 1 ರೂಪಾಯಿ. 75ರದ್ದು 44 ಮಿಲಿಮೀಟರ್ ಅಗಲ, 35 ಗ್ರಾಂ ತೂಕ, ಅದರಲ್ಲಿ ಅರ್ಧ ಬೆಳ್ಳಿ. ಒಂದು ಮುಖದ ಮೇಲೆ ಬ್ಯಾಂಕಿನ ಲಾಂಛನದ ಹುಲಿ, ಆ ಹುಲಿಯ ಹಿಂದೆ ತಾಳೆ ಮರ. ಟಂಕಸಾಲೆಯ ಡಬ್ಬಿ ತೆರೆದರೆ ಐದೂ ಒಟ್ಟಿಗೆ ಕಾಣುತ್ತವೆ. ಅಣ್ಣತಮ್ಮಂದಿರು ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡ ಹಾಗೆ. ಈ ಸೆಟ್ಟಿನ ಚೆಂದ ಇರುವುದೇ ಅಲ್ಲಿ.

ಗ್ರೇಡಿಂಗ್‌ಗೆ ಕಳಿಸಬೇಕಾದರೆ ಒಂದೊಂದನ್ನೂ ಡಬ್ಬಿಯಿಂದ ಬಿಡಿಸಿ ಬೇರೆ ಬೇರೆ ಪ್ಲಾಸ್ಟಿಕ್ ಜೇಬಿಗೆ ಹಾಕಬೇಕು. ಫೀಸೂ ನಾಣ್ಯಕ್ಕಿಷ್ಟು ಅಂತ. ಬೆಂಗಳೂರಿನ ಡೀಲರಿಗೆ ಫೋನ್ ಮಾಡಿ, "ಸಾರ್, ಒಂದು ರೂಪಾಯಿ ನಾಣ್ಯಕ್ಕೂ ಅಷ್ಟೇನಾ?" ಎಂದು ಕೇಳಿದೆ. "ಹೌದು ಸಾರ್, ಅವರಿಗೆ ಎಲ್ಲ ಒಂದೇ" ಅಂದರು. ಐದು ಫೀಸು, ಮೇಲೆ ಹೋಗಿಬರುವ ಸಾಗಾಟ, ಇನ್ಶೂರೆನ್ಸ್. ಸೆಟ್ ಕೊಂಡ ದುಡ್ಡಿಗಿಂತ ಇದೇ ಜಾಸ್ತಿಯಾಯಿತು. ತಿಂಗಳ ಸಂಬಳದಲ್ಲಿ ಸ್ವಲ್ಪ ಸ್ವಲ್ಪ ಉಳಿಸಿ ನಾಣ್ಯ ಕೊಳ್ಳುವವನಿಗೆ ಇದು ಸಣ್ಣ ಲೆಕ್ಕವಲ್ಲ.

ತುಂಬಾ ದಿನ ಕಾದ ಮೇಲೆ ಐದೂ ವಾಪಸ್ ಬಂದವು. ನಾಲ್ಕಕ್ಕೆ 69. ಒಂದು ರೂಪಾಯಿಗೆ ಮಾತ್ರ 67. ಅಂಚಿನ ಹತ್ತಿರ ಒಂದು ಕಂದು ಚುಕ್ಕಿ, ಭೂತಗನ್ನಡಿ ಹಿಡಿದರೆ ಕಾಣುವಷ್ಟು. ಅಂಕ ತಪ್ಪು ಎಂದು ನಾನು ಹೇಳುತ್ತಿಲ್ಲ, ಚುಕ್ಕಿ ಇದ್ದದ್ದು ನಿಜ. ಆದರೆ ಸೆಟ್ ಒಡೆದುಹೋಯಿತು. ಗ್ರೇಡ್ ಆದ ಸೆಟ್ ಕೊಳ್ಳುವವರು ಐದಕ್ಕೂ ಒಂದೇ ಅಂಕ ಇದೆಯಾ ಎಂದು ನೋಡುತ್ತಾರೆ. ಡಬ್ಬಿಯ ಸೆಟ್ ಕೊಳ್ಳುವವರಿಗೆ ಟಂಕಸಾಲೆಯ ಪ್ಯಾಕಿಂಗೇ ಬೇಕು. ನನ್ನದು ಈಗ ಎರಡೂ ಅಲ್ಲ. ಸ್ಲ್ಯಾಬಿನಲ್ಲಿ, ಅಂದರೆ ಅವರ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ, ಸೀಲ್ ಆದ ನಾಣ್ಯವನ್ನು ಹಳೇ ಡಬ್ಬಿಯ ಗುಂಡಗಿನ ಗುಳಿಯಲ್ಲಿ ಕೂರಿಸಲು ಬರುವುದಿಲ್ಲ. ಡಬ್ಬಿಯಲ್ಲಿ ಐದು ಖಾಲಿ ಗುಳಿಗಳಿವೆ. ನೋಡಿದಾಗಲೆಲ್ಲ ಸಂಕಟವಾಗುತ್ತದೆ.

ಈ 70 ಅಂಕದ ಅಳತೆ ನಮ್ಮ ನಾಣ್ಯಗಳಿಗಾಗಿ ಹುಟ್ಟಿದ್ದೂ ಅಲ್ಲ. ವಿಲಿಯಂ ಶೆಲ್ಡನ್ ಎಂಬವರು 1949ರಲ್ಲಿ ಅಮೆರಿಕದ ಹಳೇ ತಾಮ್ರದ ದೊಡ್ಡ ಸೆಂಟುಗಳಿಗಾಗಿ ಮಾಡಿದ್ದು. ಪೂರ್ತಿ ಸವೆದದ್ದಕ್ಕೆ 1, ಕುಂದಿಲ್ಲದ್ದಕ್ಕೆ 70, ಬೆಲೆಯೂ ಅದೇ ಲೆಕ್ಕದಲ್ಲಿ ಎಪ್ಪತ್ತು ಪಟ್ಟು. ಕೈಯಿಂದ ಕೈಗೆ ಓಡಾಡಿ ಸವೆದ ನಾಣ್ಯಕ್ಕೆ ಅದು ಒಳ್ಳೇ ಅಳತೆ. ಪ್ರೂಫ್ ನಾಣ್ಯ ಪೇಟೆಯನ್ನೇ ಕಂಡಿರುವುದಿಲ್ಲ. ಹಾಗಾಗಿ ಇಡೀ ಜಗಳ ಮೇಲಿನ ನಾಲ್ಕೈದು ಅಂಕಗಳಲ್ಲೇ. 69ಕ್ಕೂ 70ಕ್ಕೂ ನಡುವೆ ಇರುವುದು ಒಂದು ಕೂದಲೆಳೆ ಗೀರು. ಬೆಲೆ ಮಾತ್ರ ಎಲ್ಲಿಂದ ಎಲ್ಲಿಗೋ ಹೋಗುತ್ತದೆ.

ನಮ್ಮ ಊರಿನ ಕಡೆ ಒಮ್ಮೆ ನೋಡಿ. ಸದಾಶಿವ ನಾಯಕರ ಕಾಲದ ಇಕ್ಕೇರಿ ವರಹ. ಒಂದು ಕಡೆ ಶಿವಪಾರ್ವತಿ, ಇನ್ನೊಂದು ಕಡೆ ನಾಗರಿಯಲ್ಲಿ ಶ್ರೀ ಸದಾಶಿವ. ಅಂಥ ಚಿನ್ನವನ್ನು ನಮ್ಮ ಚಿನಿವಾರರು ಒರೆಗಲ್ಲಿಗೆ ಉಜ್ಜಿ, ತೂಗಿ ಒಪ್ಪಿಕೊಳ್ಳುತ್ತಿದ್ದರು. ಈಗ ಅಂಥದ್ದನ್ನು ಗ್ರೇಡಿಂಗ್‌ಗೆಂದು ವಿದೇಶಕ್ಕೆ ಕಳಿಸುವಂತೆಯೇ ಇಲ್ಲ. 1972ರ ಪುರಾವಸ್ತು ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾವಸ್ತು, ಖಾಸಗಿಯವರು ಅದನ್ನು ದೇಶದಿಂದ ಆಚೆ ಕಳಿಸಬಾರದು. ನಮ್ಮಂಥವರು ಹೊಸ ನಾಣ್ಯಗಳನ್ನೇ ಕಳಿಸುವುದಕ್ಕೆ ಇದೂ ಒಂದು ಕಾರಣ.

ಇಷ್ಟು ಬೈದ ಮೇಲೆ ಒಂದು ಒಳ್ಳೇ ಮಾತು ಹೇಳಲೇಬೇಕು. ಅದು ನಾನು ನಿರೀಕ್ಷೆ ಮಾಡದೆ ಸಿಕ್ಕಿದ್ದು.

ನಮ್ಮ ಮನೆ ಇರುವುದು ತೀರ್ಥಹಳ್ಳಿ ಕಡೆ. ಆರಿದ್ರಾ ಮಳೆ ಹಿಡಿದರೆ ಆಶ್ಲೇಷ ಮುಗಿಯುವ ತನಕ ಬೀರುವಿನೊಳಗಿನ ಚರ್ಮದ ಬೆಲ್ಟಿಗೂ ಬೂಸ್ಟು ಬರುತ್ತದೆ. ನಾನು ಅಷ್ಟು ಪ್ರೀತಿಸುವ ಟಂಕಸಾಲೆ ಡಬ್ಬಿಯ ಮಖಮಲ್ಲು ಇದೆಯಲ್ಲ, ಅದು ತೇವ ಕುಡಿದುಕೊಂಡು ಕೂರುತ್ತದೆ. ಟ್ಯಾಗೋರರ 150ನೇ ವರ್ಷದ ಸೆಟ್ಟಿನ ಡಬ್ಬಿಗೆ ಬೂಸ್ಟು ಹಿಡಿದು, ಬೆಳ್ಳಿಯ 150 ರೂಪಾಯಿಯ ಅಂಚಿಗೆ ಹಳದಿ ಬಣ್ಣ ಬಂತು. ಅದೇ ಬೀರುವಿನಲ್ಲಿ, ಅದೇ ಮಳೆಯಲ್ಲಿ ಸ್ಲ್ಯಾಬಿನೊಳಗಿನ 75 ರೂಪಾಯಿಯ ಹುಲಿ ಗ್ರೇಡಿಂಗ್‌ಗೆ ಹೋದಾಗ ಹೇಗಿತ್ತೋ ಹಾಗೇ ಇದೆ. ಕನ್ನಡಿಯಂಥ ನೆಲ, ಮೇಲೆ ಮಂಜು ಕೂತಂಥ ಬಿಳಿ ಹುಲಿ. ಆ ಕಪ್ಪುಬಿಳುಪು ವ್ಯತ್ಯಾಸವೇ ಅಲ್ವಾ ಪ್ರೂಫ್ ನಾಣ್ಯದ ಜೀವ!

ಆದರೆ ಸ್ಲ್ಯಾಬಿಗೆ ಗಾಳಿಯೇ ಹೋಗಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಗಾಳಿಯನ್ನೂ ತೇವವನ್ನೂ ಅದು ತಕ್ಕಮಟ್ಟಿಗೆ ತಡೆಯುತ್ತದೆ, ಪೂರ್ತಿ ಅಲ್ಲ. ಅದಕ್ಕೇ ನಾನು ಸ್ಲ್ಯಾಬುಗಳನ್ನೂ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹರಳು ಹಾಕಿ ಇಡುತ್ತೇನೆ. ಮಳೆ ಹೊಳವಾದ ಭಾನುವಾರ ಡಬ್ಬಿ ತೆಗೆಯುವುದು ನನಗೆ ಹಬ್ಬ. ನೀಲಿ ಹರಳು ಗುಲಾಬಿಗೆ ತಿರುಗಿದ್ದರೆ ತೇವ ಕುಡಿದಿದೆ ಎಂದರ್ಥ. ಅಡುಗೆಗೆ ಬಳಸದ ಹಳೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ನಿಧಾನಕ್ಕೆ ಮತ್ತೆ ನೀಲಿಯಾಗುತ್ತದೆ. ಹರಳು ತಣಿಯುವ ತನಕ ಸ್ಲ್ಯಾಬನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡುತ್ತಾ ಕೂರುತ್ತೇನೆ. ಮುಂಚೆ ಅಂಚು ಹಿಡಿದು, ಉಸಿರು ತಾಗದಂತೆ ನೋಡಬೇಕಿತ್ತು. ಈಗ ಅಣ್ಣನ ಮಗಳ ಕೈಗೂ ಕೊಡುತ್ತೇನೆ. "ಚಿಕ್ಕಪ್ಪ, ಹುಲಿ ಮೀಸೆ ಕಾಣ್ತಿದೆ!" ಎಂದು ಕುಣಿಯುತ್ತಾಳೆ. ಈ ಖುಷಿಗೆ ಫೀಸು ಕೊಟ್ಟದ್ದು ನನಗೆ ಹೊರೆ ಅನಿಸಿಲ್ಲ.

ಇನ್ನೊಂದು ಉಪಯೋಗ, ಲೇಬಲ್ಲಿನ ನಂಬರ್ ಹಾಕಿ ಆನ್‌ಲೈನ್‌ನಲ್ಲಿ ಸ್ಲ್ಯಾಬ್ ಅಸಲಿಯೋ ಅಲ್ಲವೋ ನೋಡಬಹುದು. ಕೊಳ್ಳುವವನ ಮುಂದೆ ಮಾತು ಬೆಳೆಸುವ ಕೆಲಸವಿಲ್ಲ.

ಕಳಿಸುವವರಿಗೆ ಒಂದು ಎಚ್ಚರಿಕೆ. ಮೆತ್ತಗೆ ಬಾಗುವ, ವಾಸನೆ ಬರುವ ಪಿವಿಸಿ ಜೇಬಿನಲ್ಲಿ ನಾಣ್ಯ ವರ್ಷಗಟ್ಟಲೆ ಇದ್ದರೆ ಹಸಿರು ಜಿಡ್ಡು ಕೂರುತ್ತದೆ. ಅದಿದ್ದರೆ ಅಂಕ ಸಿಗುವುದು ಕಷ್ಟ. ಹಾಗಂತ ಹುಣಸೆಹಣ್ಣು, ವಿಭೂತಿ, ಟೂತ್‌ಪೇಸ್ಟ್ ಹಾಕಿ ಉಜ್ಜಿದರೆ ಮುಗಿದೇ ಹೋಯಿತು. ತೊಳೆದ ನಾಣ್ಯ ಎಂದು ಬರೆದು ಅಂಕವಿಲ್ಲದೆ ಕಳಿಸುತ್ತಾರೆ. ಅಂಗಡಿಯಲ್ಲಿ ಸಿಗುವ ಜೇಬುಗಳಲ್ಲಿ ಪಿವಿಸಿ ಇಲ್ಲದ್ದನ್ನು ಕೇಳಿ ತೆಗೆದುಕೊಳ್ಳಿ, ಬೆಲೆ ವ್ಯತ್ಯಾಸ ಅಷ್ಟೇನಿಲ್ಲ.

ನನ್ನ ಲೆಕ್ಕ ಈಗ ಹೀಗಿದೆ. ಡಬ್ಬಿ ಕಳೆದುಹೋದ ಬಿಡಿ ಬೆಳ್ಳಿ ನಾಣ್ಯ, ಅದರಲ್ಲೂ ಚುಕ್ಕಿ ಗೀರು ಇಲ್ಲದ್ದು, ಗ್ರೇಡಿಂಗ್‌ಗೆ ಹೋಗಲಿ. 2015ರ ಅಂಬೇಡ್ಕರ್ ಸೆಟ್, 125 ಮತ್ತು 10 ರೂಪಾಯಿಯದ್ದು, ಡಬ್ಬಿ ಸಮೇತ ಚೆನ್ನಾಗಿದೆ. ಅದನ್ನು ಯಾರು ಏನೇ ಹೇಳಿದರೂ ಬಿಡಿಸುವುದಿಲ್ಲ, ಸಿಲಿಕಾ ಜೆಲ್ ಜೊತೆ ಸ್ಟೀಲ್ ಡಬ್ಬಿಯಲ್ಲೇ ಇರುತ್ತದೆ. ಸೇವೆಗೆ ಐದಕ್ಕೆ ಮೂರು ಕೊಡುತ್ತೇನೆ. ಸೆಟ್ಟನ್ನು ಸೆಟ್ಟಾಗಿಯೇ, ಒಂದೇ ಫೀಸಿಗೆ, ಟಂಕಸಾಲೆಯ ಡಬ್ಬಿಯ ಜೊತೆಗೇ ಸೀಲ್ ಮಾಡಿಕೊಡುವವರು ಸಿಕ್ಕಿದ ದಿನ ಐದಕ್ಕೆ ಐದು.