ವಿಚ್ ಹೇಝಲ್ ಅಂತ ತರಿಸಿದೆ, ಬಂದಿದ್ದು ಅದರ ದಾಯಾದಿ

5ಕ್ಕೆ 3 ಕೊಟ್ಟಿದ್ದೇನೆ. ಆ ಮೂರೂ ಅಂಕ ಗಿಡಕ್ಕೇ ಸೇರಬೇಕು. ಕಳೆದ ಎರಡು ಅಂಕ ಅದಕ್ಕೆ ಕಟ್ಟಿದ್ದ ಚೀಟಿಯದ್ದು.

ವಿಚ್ ಹೇಝಲ್ ಅನ್ನುವ ಹೂವಿನ ಪೊದೆ ಅಂತ ಒಂದು ಆನ್‌ಲೈನ್ ನರ್ಸರಿಯಿಂದ ತರಿಸಿದ್ದು. ಪ್ಯಾಕಿಂಗ್ ನಿಜಕ್ಕೂ ಚೆನ್ನಾಗಿತ್ತು, ಬೇರಿನ ಮಣ್ಣು ಉದುರಿರಲಿಲ್ಲ, ಒಂದು ಕಡ್ಡಿಯೂ ಮುರಿದಿರಲಿಲ್ಲ. ಚೀಟಿಯಲ್ಲಿ ಮಾತ್ರ ಬರೀ 'ವಿಚ್ ಹೇಝಲ್' ಅಂತ ಇತ್ತು, ವೈಜ್ಞಾನಿಕ ಹೆಸರೇ ಇಲ್ಲ.

ಚಳಿಗಾಲ ಬಂತು, ಹೋಯಿತು, ಎಲೆ ಉದುರಲೇ ಇಲ್ಲ. ಆಗಲೇ ಅನುಮಾನ ಬಂತು. ನಿಜವಾದ ವಿಚ್ ಹೇಝಲ್ ಅಂದರೆ ಹ್ಯಾಮಮೆಲಿಸ್, ಅದು ಎಲೆ ಉದುರಿಸುವ ಗಿಡ. ಚೀನಾ, ಜಪಾನಿನ ಜಾತಿಗಳು ಚಳಿ ಕಡಿಮೆಯಾಗುವ ಮುಂಚೆಯೇ ಬೋಳು ಕೊಂಬೆ ತುಂಬ ಹೂ ಬಿಡುತ್ತವೆ, ಅಮೆರಿಕದ ವರ್ಜಿನಿಯಾನಾ ಇನ್ನೂ ಬೇಗ, ಎಲೆ ಉದುರುವ ಹೊತ್ತಿಗೇ ಹಳದಿ ಹೂ. ಎಲೆ ಅಗಲ, ಅಂಚು ಅಲೆಅಲೆ. ನನ್ನ ಗಿಡದ್ದು ಹೆಬ್ಬೆರಳಿನಷ್ಟು ಎಲೆ, ನೇರಳೆ ಬಣ್ಣ, ಅಂಚಿನಲ್ಲಿ ಒಂದು ಹಲ್ಲೂ ಇಲ್ಲ. ಆಮೇಲೆ ಗಾಢ ಗುಲಾಬಿ ಹೂ ಬಿಟ್ಟಿತು. ಸಂಶಯವೇ ಉಳಿಯಲಿಲ್ಲ, ಇದು ಲೋರೊಪೆಟಲಮ್ ಚೈನೆನ್ಸ್.

ಕೋಪ ಬಂದಿದ್ದು ನಿಜ. ಆದರೆ ಹೂವನ್ನು ಭೂತಗನ್ನಡಿ ಹಿಡಿದು ನೋಡಿದ ಮೇಲೆ ಸ್ವಲ್ಪ ಇಳಿಯಿತು. ನಾಲ್ಕೇ ಎಸಳು, ಪ್ರತಿಯೊಂದೂ ರಿಬ್ಬನ್ ಕತ್ತರಿಸಿ ಇಟ್ಟಂತೆ ಉದ್ದಕ್ಕೆ, ಸಣ್ಣಗೆ. ಹ್ಯಾಮಮೆಲಿಸ್ ಹೂವೂ ಹೀಗೇ ಇರುತ್ತದೆ, ಅಲ್ವಾ? ಎಲೆಯ ಹಿಂಭಾಗದಲ್ಲಿ ನಕ್ಷತ್ರದ ಆಕಾರದ ಪುಟ್ಟ ಕೂದಲು. ಎರಡೂ ಒಂದೇ ಕುಟುಂಬ, ಹ್ಯಾಮಮೆಲಿಡೇಸಿ. ಈ ಕುಟುಂಬಕ್ಕೆ ಹೆಸರಿಟ್ಟ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ ಅವರೇ 1818ರಲ್ಲಿ ಈ ಗಿಡವನ್ನು ಹ್ಯಾಮಮೆಲಿಸ್ ಚೈನೆನ್ಸಿಸ್ ಅಂತ ಕರೆದಿದ್ದರು, ಬೇರೆ ಕುಲಕ್ಕೆ (ಕುಟುಂಬದೊಳಗಿನ ಚಿಕ್ಕ ಗುಂಪು) ಹೋಗಿದ್ದು ಆಮೇಲೆ. ಹಾಗಾಗಿ ಗೊಂದಲ ಹಳೆಯದೇ. ಆದರೂ ಇವತ್ತು ದುಡ್ಡು ತಗೊಂಡು ಗಿಡ ಮಾರುವವರು ಹೆಸರು ನೋಡಿಕೊಳ್ಳಬೇಕು.

ಅವರ ಸೈಟಿನಲ್ಲಿ ಇನ್ನೊಂದು ತಪ್ಪಿದೆ. 'ವಿಚ್ ಹೇಝಲ್ ಕುಟುಂಬ' ಅನ್ನುವ ಪಟ್ಟಿಯಲ್ಲಿ ಲಿಕ್ವಿಡಂಬರ್ ಮರವನ್ನೂ ಸೇರಿಸಿದ್ದಾರೆ. ಹಿಂದೆ ಅಲ್ಲಿಯೇ ಇತ್ತು, ಈಗ ಅದಕ್ಕೆ ಆಲ್ಟಿಂಜಿಯೇಸಿ ಅನ್ನುವ ಪ್ರತ್ಯೇಕ ಕುಟುಂಬ. ಇಡೀ ಬಳಗದ ಜಾಗವೇ ಬದಲಾಗಿದೆ. ಮೊದಲು ಓಕ್, ಬರ್ಚ್ ಮರಗಳ ಹತ್ತಿರದ ಸಂಬಂಧಿ ಅಂದುಕೊಂಡಿದ್ದರು. ಡಿಎನ್‌ಎ ನೋಡಿದ ಮೇಲೆ ಸ್ಯಾಕ್ಸಿಫ್ರೇಗೇಲಿಸ್ ಗಣಕ್ಕೆ (ಹಲವು ಕುಟುಂಬ ಸೇರಿದ ದೊಡ್ಡ ಗುಂಪು) ಬಂತು. ಪಿಯೋನಿ ಹೂ, ನಮ್ಮ ಕಾಡುಬಸಳೆ ಕೂಡ ಅದೇ ಗಣ! ದಪ್ಪ ರಸದ ಎಲೆಯ ಕಾಡುಬಸಳೆಗೂ ಈ ಪೊದೆಗೂ ನಂಟು ಅಂತ ಓದಿದ ದಿನ ಎಷ್ಟು ಖುಷಿಯಾಯಿತು ಅಂತ ಹೇಳಲಾರೆ.

ನರ್ಸರಿಗೆ ಫೋಟೋ ಕಳಿಸಿ ಕೇಳಿದೆ. 'ಎಲ್ಲಾ ಒಂದೇ ಜಾತಿ' ಅಂತ ಉತ್ತರ ಬಂತು. ಒಂದೇ ಕುಟುಂಬ ಅಂದಿದ್ದರೆ ಒಪ್ಪುತ್ತಿದ್ದೆ.

ತಗೊಳ್ಳುವವರಿಗೆ ಒಂದು ಮಾತು. ಹ್ಯಾಮಮೆಲಿಸ್ ಬೇಕಿದ್ದರೆ ಪೂರ್ತಿ ವೈಜ್ಞಾನಿಕ ಹೆಸರು ಕೇಳಿ, ಎಲೆಯ ಫೋಟೋ ತರಿಸಿಕೊಳ್ಳಿ. ಅದಕ್ಕೆ ಒಳ್ಳೆ ಚಳಿಗಾಲ ಬೇಕು. ಚಳಿ ಕಡಿಮೆ ಇರುವ ಕಡೆ ಸುಮ್ನೆ ಅದರ ಹಿಂದೆ ಬೀಳಬೇಡಿ, ಲೋರೊಪೆಟಲಮ್ಮೇ ವಾಸಿ. ಕತ್ತರಿಸಿದಷ್ಟೂ ಚಿಗುರುತ್ತದೆ, ಎಲೆಯ ಬಣ್ಣ ವರ್ಷಪೂರ್ತಿ ಇರುತ್ತದೆ.

ಗಿಡ ವಾಪಸ್ ಕಳಿಸಲಿಲ್ಲ. ಆ ಚೀಟಿ ಕಿತ್ತು, ಸರಿಯಾದ ಹೆಸರು ಬರೆದು ಕಟ್ಟಿದ್ದೇನೆ.