ಹಳೇ ಪದ್ಮಿನಿಗೆ ಯಾವ ಆಯಿಲ್? ನಾಲ್ಕು ಹಾಕಿ ನೋಡಿದ ಲೆಕ್ಕ

ನಮ್ಮ ಮನೆಯ ಪ್ರೀಮಿಯರ್ ಪದ್ಮಿನಿ 1986ರ ಗಾಡಿ. ಅಪ್ಪ ಕೊಂಡದ್ದು, ಈಗ ನನ್ನ ಪಾಲಿಗೆ ಬಂದಿದೆ. ವಾರಕ್ಕೆ ಮೂರು ನಾಲ್ಕು ದಿನ ಬಸವನಗುಡಿಯಿಂದ ಜಯನಗರಕ್ಕೋ ಮಲ್ಲೇಶ್ವರಕ್ಕೋ ಓಡುತ್ತದೆ, ತಿಂಗಳಿಗೊಂದು ಭಾನುವಾರ ನಂದಿಬೆಟ್ಟದ ಕಡೆ. ಇದರ ಚೇಂಬರಿಗೆ ಯಾವ ಆಯಿಲ್ ಹಾಕಬೇಕು ಅಂತ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿದರೆ ಅಂಗಡಿಗೊಂದು ಉತ್ತರ. ಒಬ್ಬರು 20ಡಬ್ಲ್ಯೂ-50 (ಮೊದಲ ಅಂಕಿ ತಣ್ಣಗಿರುವಾಗಿನ, ಎರಡನೆಯದು ಕಾದ ಮೇಲಿನ ದಪ್ಪದ ದರ್ಜೆ) ಅಂದರು, ಇನ್ನೊಬ್ಬರು ಲಾರಿಗೆ ಹಾಕುವ ಡೀಸೆಲ್ ಆಯಿಲೇ ಒಳ್ಳೆಯದು ಅಂದರು, ಮತ್ತೊಬ್ಬರು ಎರಡನ್ನೂ ಬೆರೆಸಿ ಅಂದರು. ತೆಳು ಆಯಿಲ್ ಹಾಕಿ ಜೊತೆಗೊಂದು ಜಿಂಕ್ ಬಾಟಲಿ ಸುರಿಯಿರಿ ಅಂದವರೂ ಇದ್ದರು. ಕೊನೆಗೆ ತಲಾ 2,000 ಕಿ.ಮೀ. ಓಡಿಸುವ ಲೆಕ್ಕದಲ್ಲಿ ನಾಲ್ಕನ್ನೂ ಹಾಕಿಯೇ ನೋಡಿದೆ.

ಜಿಂಕ್ ಮಾತು ಯಾಕೆ ಬರುತ್ತದೆ ಅಂತ ಮೊದಲು ಹೇಳಿಬಿಡುತ್ತೇನೆ. ಪದ್ಮಿನಿಯದು 1089 ಸಿಸಿಯ ಪುಶ್‌ರಾಡ್ ಇಂಜಿನ್. ವಾಲ್ವ್ ತೆರೆಸುವ ಕ್ಯಾಮ್‌ನ ಉಬ್ಬು, ಅದರ ತಳ್ಳನ್ನು ವಾಲ್ವ್ ಕಡೆಗೆ ದಾಟಿಸುವ ಟ್ಯಾಪೆಟ್‌ನ ಚಪ್ಪಟೆ ಮುಖದ ಮೇಲೆ ಉಜ್ಜಿಕೊಂಡೇ ತಿರುಗುತ್ತದೆ. ಆ ಒಂದು ಗೆರೆಯಷ್ಟು ಜಾಗದಲ್ಲಿ ಒತ್ತಡ ಎಷ್ಟೆಂದರೆ ಆಯಿಲ್ ಪದರ ಹರಿದುಹೋಗುತ್ತದೆ. ಆಗ ಲೋಹವನ್ನು ಉಳಿಸುವುದು ಝಡ್‌ಡಿಡಿಪಿ ಎಂಬ ಜಿಂಕ್ ಮತ್ತು ರಂಜಕದ (ಫಾಸ್ಫರಸ್) ಸಂಯುಕ್ತ. ಬಿಸಿ, ಒತ್ತಡ ಎರಡೂ ಸೇರಿದ ಕಡೆ ಅದು ಗಾಜಿನಂಥ ತೆಳು ಪೊರೆಯಾಗಿ ಕೂರುತ್ತದೆ. ಆದರೆ ರಂಜಕ ಹೊಗೆಯ ಜೊತೆ ಹೋಗಿ, ಹೊಸ ಗಾಡಿಗಳಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಕೆಡಿಸುತ್ತದೆ. ಹಾಗಾಗಿ 2004ರಲ್ಲಿ ಆಯಿಲ್‌ಗೆ ದರ್ಜೆ ಕೊಡುವ ಅಮೆರಿಕದ ಸಂಸ್ಥೆ ಎಪಿಐನ ಎಸ್‌ಎಂ ದರ್ಜೆ ಬಂದಾಗ ರಂಜಕವನ್ನು 800 ಪಿಪಿಎಂಗೆ (ಹತ್ತು ಲಕ್ಷ ಭಾಗದಲ್ಲಿ 800) ಕಟ್ಟಿಹಾಕಿದರು. ಹಳೇ ಗಾಡಿಯವರು ಬಹಳಷ್ಟು ಮಂದಿ ಗಮನಿಸದ ವಿಷಯ ಇಲ್ಲಿದೆ: ಆ ಮಿತಿ 5ಡಬ್ಲ್ಯೂ-30, 10ಡಬ್ಲ್ಯೂ-30ನಂಥ ತೆಳು ಆಯಿಲ್‌ಗಳಿಗೆ ಮಾತ್ರ. 20ಡಬ್ಲ್ಯೂ-50ಗೆ ಇಲ್ಲ. ನನ್ನ ಪದ್ಮಿನಿಗೆ ಕನ್ವರ್ಟರೇ ಇಲ್ಲದ ಮೇಲೆ ರಂಜಕಕ್ಕೆ ಹೆದರುವ ಕಾರಣವೂ ಇಲ್ಲ.

ಮೂರು ಸಂಗತಿ ಬರೆದಿಟ್ಟುಕೊಂಡೆ. ಇಂಜಿನ್ ಚೆನ್ನಾಗಿ ಕಾದ ಮೇಲೆ ಸಿಗ್ನಲ್‌ನಲ್ಲಿ ನಿಂತಾಗ ಆಯಿಲ್ ಪ್ರೆಷರ್ ಎಷ್ಟು (ಇದಕ್ಕೆಂದೇ ಒಂದು ಗೇಜ್ ಹಾಕಿಸಿದೆ), ಬೆಳಿಗ್ಗೆ ಸೆಲ್ಫ್ ಹೊಡೆದ ಮೇಲೆ ಟ್ಯಾಪೆಟ್ ಸದ್ದು ಅಡಗಲು ಎಷ್ಟು ಸೆಕೆಂಡು, 2,000 ಕಿ.ಮೀ.ಗೆ ಎಷ್ಟು ಟಾಪ್‌ಅಪ್. ಒಂದು ಸರದಿ ಚಳಿಯಲ್ಲಿ, ಇನ್ನೊಂದು ಬೇಸಿಗೆಯಲ್ಲಿ ಬಂದದ್ದರಿಂದ ಬೆಳಗಿನ ಲೆಕ್ಕಕ್ಕೆ 20 ಡಿಗ್ರಿ ಆಸುಪಾಸಿನ ದಿನಗಳನ್ನಷ್ಟೇ ತೆಗೆದುಕೊಂಡೆ.

ಮೊದಲು ಹಾಕಿದ್ದು 20ಡಬ್ಲ್ಯೂ-50 ಮಿನರಲ್. ನಮ್ಮ ಮೆಕ್ಯಾನಿಕ್ ಭಾಯ್‌ಗೆ ಇದೇ ಇಷ್ಟ. "ಸಾರ್, ಹಳೇ ಗಾಡಿಗೆ ದಪ್ಪ ಆಯಿಲೇ ಸರಿ. ಕುದುರೆಗೆ ಹುರುಳಿ ಇದ್ದಂಗೆ" ಅಂತಾರೆ. ಮೊದಲ ವಾರ ಪ್ರೆಷರ್ 1.4 ಕೆ.ಜಿ. ತೋರಿಸಿ ನನಗೂ ಖುಷಿಯಾಯಿತು. ಮೂರನೇ ವಾರಕ್ಕೆ ಅದು 0.9ಕ್ಕೆ ಇಳಿಯಿತು. ಆಯಿಲೇ ಕಳಪೆ ಅಂದುಕೊಂಡೆ. ಒಂದು ಬೆಳಿಗ್ಗೆ ಡಿಪ್‌ಸ್ಟಿಕ್ ಎಳೆದು ನೋಡಿದರೆ ಮಟ್ಟ ಮೇಲಿನ ಗೆರೆಗಿಂತ ಒಂದು ಬೆರಳು ಹೆಚ್ಚಿದೆ! ನಾನು ಒಂದು ತೊಟ್ಟೂ ಹಾಕಿರಲಿಲ್ಲ. ಕಡ್ಡಿಯ ತುದಿ ಮೂಗಿಗೆ ಹಿಡಿದರೆ ಪೆಟ್ರೋಲ್ ವಾಸನೆ. ಬೆರಳಲ್ಲಿ ಉಜ್ಜಿದರೆ ಜಿಡ್ಡೇ ಇಲ್ಲ, ನೀರು ಹಾಕಿದ ಮಜ್ಜಿಗೆಯ ಹಾಗೆ ಜಾರಿಹೋಯಿತು. ಎ.ಸಿ. ಪಂಪ್‌ನ (ಕಾರ್ಬುರೇಟರಿಗೆ ಪೆಟ್ರೋಲ್ ತಳ್ಳುವ ಪಂಪ್) ಡಯಾಫ್ರಂ ಸೀಳಿ ಪೆಟ್ರೋಲ್ ಸೀದಾ ಚೇಂಬರಿಗೆ ಇಳಿಯುತ್ತಿತ್ತು. ಪಂಪ್ ಕಿಟ್ ಹಾಕಿಸಿ, ಅಷ್ಟೂ ಆಯಿಲ್ ಚೆಲ್ಲಿ, ಹೊಸದಾಗಿ ಶುರು ಮಾಡಿದೆ. ಹಳೇ ಕಾರ್ಬುರೇಟರ್ ಗಾಡಿ ಇರುವವರು ಆಯಿಲ್ ಬದಲಾಯಿಸುವ ಯೋಚನೆಗೆ ಮೊದಲು ದಯವಿಟ್ಟು ಡಿಪ್‌ಸ್ಟಿಕ್ ಮೂಸಿ ನೋಡಿ.

ಎರಡನೇ ಸಲ 20ಡಬ್ಲ್ಯೂ-50 ತನ್ನ ನಿಜವಾದ ಗುಣ ತೋರಿಸಿತು. ಕೊನೆಯವರೆಗೂ 1.4, ಟಾಪ್‌ಅಪ್ ಬರೀ 350 ಎಂಎಲ್. ಬೆಳಗಿನ ಸದ್ದು ಮಾತ್ರ ಆರು ಸೆಕೆಂಡು. ಹುಡ್ ತೆಗೆದು ಕಿವಿಗೊಟ್ಟು ನಿಂತವನಿಗೆ ಆರು ಸೆಕೆಂಡು ಬಹಳ ದೀರ್ಘ.

ಆಮೇಲೆ 15ಡಬ್ಲ್ಯೂ-40 ಡೀಸೆಲ್ ಆಯಿಲ್, ಎಪಿಐನ ಸಿಐ-4 ದರ್ಜೆಯದು. ಈ ದರ್ಜೆ 2002ರದ್ದು, ರಂಜಕಕ್ಕೆ ಮಿತಿ ಇಲ್ಲ. ನಾನು ತಂದ ಡಬ್ಬಿಯ ಡೇಟಾ ಶೀಟ್‌ನಲ್ಲಿ 1,200 ಪಿಪಿಎಂ ಇತ್ತು. ಕೊಳೆ ಬಿಡಿಸುವ ಡಿಟರ್ಜೆಂಟ್ ಕೂಡ ಪೆಟ್ರೋಲ್ ಆಯಿಲ್‌ಗಿಂತ ಜಾಸ್ತಿ. ಅದರ ಕೆಲಸ ಕಣ್ಣಾರೆ ಕಂಡೆ: 800 ಕಿ.ಮೀ. ಆಗುವಷ್ಟರಲ್ಲಿ ಆಯಿಲ್ ಕಾಡಿಗೆಯಂತೆ ಕಪ್ಪಾಯಿತು. ಭಾಯ್ ಮುಖ ಸಿಂಡರಿಸಿದರು. ನನಗೇನೋ ಅದು ಒಳ್ಳೆಯ ಲಕ್ಷಣವೇ ಅನಿಸಿತು, ಮೂವತ್ತೆಂಟು ವರ್ಷದ ಮಡ್ಡಿ ಕರಗಿ ಬರುತ್ತಿದೆ. ಆದರೆ ಕರಗಿದ ಮಡ್ಡಿ ಆಯಿಲ್ ಪಂಪ್‌ನ ಜಾಲರಿಗೆ ಕಟ್ಟಿಕೊಳ್ಳುವ ಅಪಾಯ ನಿಜ. ಅದಕ್ಕೇ 1,000 ಕಿ.ಮೀ.ಗೇ ಫಿಲ್ಟರ್ ಬದಲಾಯಿಸಿದೆ, ಗೇಜ್ ಮೇಲೆ ಕಣ್ಣಿಟ್ಟೆ. ಪ್ರೆಷರ್ 1.1, ಬೆಳಗಿನ ಸದ್ದು ಮೂರೇ ಸೆಕೆಂಡು, ಟಾಪ್‌ಅಪ್ ಅರ್ಧ ಲೀಟರ್.

ಎರಡರ ಒಳ್ಳೇದೂ ಸಿಗಲಿ ಅಂತ ಮೂರನೆಯದಕ್ಕೆ ಅರ್ಧ ಅರ್ಧ ಬೆರೆಸಿದೆ. ಬೆರೆಸಿದರೆ ಒಡೆಯುತ್ತದೆ, ಮೊಸರಾಗುತ್ತದೆ ಅನ್ನುವ ಭಯ ಬೇಡ. ಎಪಿಐ ಗುರುತಿನ ಆಯಿಲ್‌ಗಳು ಒಂದರೊಡನೊಂದು ಬೆರೆಯಲೇಬೇಕು ಅನ್ನುವುದು ಆ ಗುರುತಿನ ಷರತ್ತುಗಳಲ್ಲೇ ಇದೆ. ನಾನು ಎಡವಿದ್ದು ಲೆಕ್ಕದಲ್ಲಿ. ರಂಜಕ ಸೀದಾ ಸರಾಸರಿಗೆ ಬರುತ್ತದೆ: ಡೀಸೆಲ್ ಆಯಿಲ್‌ನ 1,200 ಮತ್ತು 20ಡಬ್ಲ್ಯೂ-50ರ 1,000 ಸೇರಿ 1,100. ದಪ್ಪ ಹಾಗೆ ಬರುವುದಿಲ್ಲ, ಸರಾಸರಿಗಿಂತ ತುಸು ಕೆಳಗೇ ಇಳಿಯುತ್ತದೆ. ನೂರು ಡಿಗ್ರಿಯಲ್ಲಿ ಒಂದು 14 ಸೆಂಟಿಸ್ಟೋಕ್ (ದಪ್ಪದ ಅಳತೆ), ಇನ್ನೊಂದು 18; ಮಿಶ್ರಣ 16ರ ಒಳಗೆ. 50ರ ದರ್ಜೆ ಶುರುವಾಗುವುದೇ 16.3ಕ್ಕೆ. ಅಂದರೆ ಎರಡು ಡಬ್ಬಿ ಒಡೆದು, ಅಳತೆ ಪಾತ್ರೆ ಹಿಡಿದು, ಆಲಿಕೆ ಇಟ್ಟು ನಾನು ತಯಾರಿಸಿದ್ದು ಅಂಗಡಿಯಲ್ಲೇ ಸಿಗುವ ಇನ್ನೊಂದು 40ರ ಆಯಿಲ್! ಗೇಜ್ ಕೂಡ ಅದನ್ನೇ ಹೇಳಿತು: 1.2, ಐದು ಸೆಕೆಂಡು, 400 ಎಂಎಲ್.

ನಾಲ್ಕನೆಯದು ಎಸ್‌ಎಂ ನಂತರ ಬಂದ ಎಸ್‌ಎನ್ ದರ್ಜೆಯ 10ಡಬ್ಲ್ಯೂ-30 ಮತ್ತು ಜಿಂಕ್ ಬಾಟಲಿ. ಬಾಟಲಿಯ ಮೇಲಿನ ಪ್ರಮಾಣ ವಿದೇಶಿ ಇಂಜಿನ್‌ನ 4.7 ಲೀಟರ್‌ಗೆ, ಅದರಲ್ಲಿ ರಂಜಕ 600 ಪಿಪಿಎಂ ಏರುತ್ತದೆ ಅಂತ. ನಾನು ಹಾಕುವುದು 3.2 ಲೀಟರ್. ಪೂರ್ತಿ ಸುರಿದರೆ 880 ಏರಿ, ಮೊದಲೇ ಇದ್ದ 800 ಸೇರಿ 1,700ರ ಹತ್ತಿರ ಹೋಗುತ್ತದೆ. 1,400 ದಾಟಿದ ಮೇಲೆ ಲಾಭ ಕಾಣುವುದಿಲ್ಲ, 2,000ದ ಕಡೆ ಹೋದಂತೆ ಅದೇ ರಾಸಾಯನಿಕ ಕ್ಯಾಮ್‌ನ ಲೋಹವನ್ನೇ ತಿನ್ನಲು ಶುರು ಮಾಡುತ್ತದೆ. ನನ್ನ ಗುರಿ 1,200, ಹಾಗಾಗಿ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಸುರಿದೆ. ಬೆಳಿಗ್ಗೆ ಎರಡೇ ಸೆಕೆಂಡಿಗೆ ನಿಶ್ಶಬ್ದ. ಆದರೆ ಏಪ್ರಿಲ್ ಮಧ್ಯಾಹ್ನ ಸಿಲ್ಕ್ ಬೋರ್ಡ್ ಜಾಮ್‌ನಲ್ಲಿ ನಿಂತಾಗ ಮುಳ್ಳು 0.6ಕ್ಕೆ ಬಿತ್ತು, ಕೆಂಪು ದೀಪ ಮಿಣುಕಿತು. ಟಾಪ್‌ಅಪ್ 800 ಎಂಎಲ್, ಹಿಂದೆ ಬರುವವರಿಗೆ ನೀಲಿ ಹೊಗೆ. ಸವೆದ ಬೇರಿಂಗ್‌ಗೆ ಬೇಕಾದ ದಪ್ಪವನ್ನು ಜಿಂಕ್ ಕೊಡಲಾರದು. ಈ ಸರದಿಯನ್ನು 1,400 ಕಿ.ಮೀ.ಗೇ ನಿಲ್ಲಿಸಿದೆ, ಟಾಪ್‌ಅಪ್ ಅಂಕಿ 2,000ಕ್ಕೆ ಲೆಕ್ಕ ಹಾಕಿದ್ದು. ಜೇನುತುಪ್ಪದಂಥ ಗಟ್ಟಿ ಟ್ರೀಟ್‌ಮೆಂಟ್ ಡಬ್ಬಿಗಳನ್ನು ಮುಟ್ಟಲೇ ಇಲ್ಲ. ಅವು ಆಯಿಲನ್ನು ದಪ್ಪ ಮಾಡಿ ಹೊಗೆ ಮುಚ್ಚುತ್ತವೆ, ಸವೆತ ಹಾಗೇ ಇರುತ್ತದೆ.

ನಾನು ಆರಿಸಿದ್ದು 15ಡಬ್ಲ್ಯೂ-40. ನನ್ನ ಗಾಡಿಯ ಓಡಾಟ ಹೆಚ್ಚಾಗಿ ಊರೊಳಗಿನ ಚಿಕ್ಕ ದೂರದ್ದು, ದಿನಕ್ಕೆ ಮೂರು ನಾಲ್ಕು ಸಲ ಸ್ಟಾರ್ಟ್. ಇಂಥ ಇಂಜಿನ್‌ನಲ್ಲಿ ಸವೆತ ಹೆಚ್ಚುವುದು ಆಯಿಲ್ ಮೇಲೇರುವ ಮುಂಚಿನ ಆ ಸೆಕೆಂಡುಗಳಲ್ಲೇ. ಗೇಜ್‌ನ 0.3 ಕೆ.ಜಿ.ಗಿಂತ ಆ ಮೂರು ಸೆಕೆಂಡು ನನಗೆ ಮುಖ್ಯ. ಬೋರು ತೀರಾ ಸವೆದು ಹೊಗೆ ಬರುತ್ತಿದ್ದರೆ, ಹೆಚ್ಚಾಗಿ ಹೈವೇಯಲ್ಲೇ ಓಡಿಸುವವರಾದರೆ ಭಾಯ್ ಹೇಳಿದ 20ಡಬ್ಲ್ಯೂ-50 ಹಾಕಿ, ಬಾಟಲಿ ಗೀಟಲಿ ಬೇಡ. ಡೀಸೆಲ್ ಆಯಿಲ್ ಕೊಳ್ಳುವಾಗ ಸಿಐ-4 ಅಂತ ಓದಿ ನೋಡಿ ತನ್ನಿ. ಬಿಎಸ್-6 ಲಾರಿಗಳಿಗೆ ಬರುವ ಸಿಕೆ-4ನಲ್ಲಿ ರಂಜಕಕ್ಕೆ ಮಿತಿ ಇದೆ.

ಮಿಕ್ಕಿರುವ ಒಂದೂವರೆ ಲೀಟರ್ 20ಡಬ್ಲ್ಯೂ-50 ಟಾಪ್‌ಅಪ್‌ಗೆ ಖರ್ಚಾಗುತ್ತಿದೆ. ಜಿಂಕ್ ಬಾಟಲಿಯ ಮುಚ್ಚಳ ಬಿಗಿ ಮಾಡಿ ಡಿಕ್ಕಿಯಲ್ಲಿ ಜ್ಯಾಕ್ ಪಕ್ಕ ಇಟ್ಟಿದ್ದೇನೆ. ಮುಂದೊಂದು ದಿನ ಇಂಜಿನ್ ಬಿಚ್ಚಿಸಿ ಹೊಸ ಕ್ಯಾಮ್ ಕೂರಿಸಿದಾಗ, ಅದು ಟ್ಯಾಪೆಟ್‌ಗೆ ಹೊಂದಿಕೊಳ್ಳುವ ಮೊದಲ ಅರ್ಧ ಗಂಟೆಗೆ ಈ ಬಾಟಲಿ ಬೇಕಾಗುತ್ತದೆ.